ಶರೀಫಜ್ಜನಿಗೆ ಗಿಟಾರಿನಿಂದ ಏನೂ ಆಗಿಲ್ಲ

ಅಕ್ಟೋಬರ್ ಬಂತೆಂದರೆ ನಮ್ಮ ದ್ವಾರಕಾದ ಕನ್ನಡಿಗರಲ್ಲಿ ಒಂದು ಜಗಳ ಶುರುವಾಗುತ್ತದೆ. ರಾಜ್ಯೋತ್ಸವಕ್ಕೆ ಶಿಶುನಾಳ ಶರೀಫರ ಹಾಡನ್ನು ರಘು ದೀಕ್ಷಿತ್ ಧಾಟಿಯಲ್ಲಿ ಹಾಡುತ್ತೇವೆ ಎಂದು ಹುಡುಗರು ಹೊರಡುತ್ತಾರೆ. ಹಿರಿಯರು, ಅಂದರೆ ನನ್ನ ವಯಸ್ಸಿನವರು, ಅದು ಶರೀಫರಿಗೆ ಮಾಡುವ ಅಪಚಾರ ಎಂದು ಅಡ್ಡ ನಿಲ್ಲುತ್ತಾರೆ. ತತ್ವಪದಕ್ಕೆ ಡ್ರಮ್ಸ್ ಯಾಕೆ? ಗಿಟಾರ್ ಯಾಕೆ? ಏಕತಾರಿ ಹಿಡಿದು ಹಾಡಬೇಕಾದ್ದನ್ನು ಕುಣಿಯುತ್ತ ಹಾಡಿದರೆ ಅದರಲ್ಲಿ ಅಧ್ಯಾತ್ಮ ಉಳಿಯುತ್ತದೆಯೇ? ರಾಕ್ ಅಂದರೇನೇ ಗದ್ದಲ, ಅದಕ್ಕೂ ನೀತಿಗೂ ಎಲ್ಲಿಯ ಸಂಬಂಧ? ಹೀಗೆ ಮಾತು ಬೆಳೆಯುತ್ತದೆ. ಕೊನೆಗೆ ಎರಡೂ ಕಡೆಗೆ ಒಂದೊಂದು ಹಾಡು ಅಂತ ರಾಜಿಯಾಗುತ್ತದೆ, ಮುಂದಿನ ವರ್ಷ ಮತ್ತೆ ಶುರು.

ನಾನು ಓದಿದ್ದು ಬಿಕಾಂ, ಮಾಡಿದ್ದು ಬ್ಯಾಂಕಿನ ನೌಕರಿ. ಸಂಗೀತಶಾಸ್ತ್ರ ನನಗೆ ಗೊತ್ತಿಲ್ಲ. ಆದರೆ ನಮ್ಮೂರು ಬ್ಯಾಡಗಿ ಕಡೆ. ಶರೀಫಜ್ಜನ ಶಿಶುನಾಳ ನಮ್ಮ ಜಿಲ್ಲೆಯಲ್ಲೇ, ಶಿಗ್ಗಾಂವಿ ತಾಲೂಕಿನಲ್ಲಿದೆ. ಅವನ ಹಾಡು ಪುಸ್ತಕದಿಂದ ನನಗೆ ಬಂದದ್ದಲ್ಲ, ಅಮಾವಾಸ್ಯೆ ರಾತ್ರಿಯ ಭಜನೆಯಿಂದ ಬಂದದ್ದು. ಆ ಹಕ್ಕಿನಿಂದ ಹೇಳುತ್ತೇನೆ: ಈ ಗಿಟಾರಿನ ಜಗಳ ಸುಳ್ಳು ಜಗಳ. ಶರೀಫರ ಹಾಡಿಗೆ ಏನಾದರೂ ಕೇಡಾಗಿದ್ದರೆ ಅದು ಹಾಡುವವರ ಕೈಯಲ್ಲಿ ಆದದ್ದಲ್ಲ, ಕುರ್ಚಿಯಲ್ಲಿ ಕುಳಿತು ಕೇಳುವ ನಮ್ಮಂಥವರಿಂದ ಆದದ್ದು.

ಮೊದಲು ವಾದ್ಯದ ವಿಷಯವನ್ನೇ ಮುಗಿಸಿಬಿಡೋಣ. ಗಿಟಾರ್ ಪರದೇಶಿ ಎನ್ನುವ ನಮ್ಮ ಹಿರಿಯರು ಹಾರ್ಮೋನಿಯಂ ಎದುರು ಕಣ್ಣು ಮುಚ್ಚಿ ತಲೆದೂಗುತ್ತಾರಲ್ಲ, ಆ ಹಾರ್ಮೋನಿಯಂ ಎಲ್ಲಿಂದ ಬಂತು ಸ್ವಾಮಿ? ಯುರೋಪಿನಿಂದ. 1940ರಲ್ಲಿ ಆಕಾಶವಾಣಿ ಅದನ್ನು ನಿಷೇಧಿಸಿತ್ತು, ನಮ್ಮ ಸಂಗೀತಕ್ಕೆ ಇದು ಹೊಂದುವುದಿಲ್ಲ, ಸ್ವರಗಳನ್ನು ಕೆಡಿಸುತ್ತದೆ ಅಂತ. ಆ ನಿಷೇಧ ಸಡಿಲವಾದದ್ದು 1971ರಲ್ಲಿ! ಮೂವತ್ತು ವರ್ಷ ರೇಡಿಯೋದ ಬಾಗಿಲಲ್ಲಿ ನಿಂತಿದ್ದ ವಾದ್ಯ ಇವತ್ತು ಅಪ್ಪಟ ದೇಸಿ. ಕರ್ನಾಟಕ ಸಂಗೀತದ ಪಿಟೀಲಿನ ಕತೆಯೂ ಅದೇ. ಇನ್ನೂರು ವರ್ಷದ ಹಿಂದೆ ಮುತ್ತುಸ್ವಾಮಿ ದೀಕ್ಷಿತರ ತಮ್ಮ ಬಾಲುಸ್ವಾಮಿ ಅದನ್ನು ಕಲಿತು ಒಳಗೆ ತಂದರು. ಈಗ ಪಿಟೀಲಿಲ್ಲದ ಕಚೇರಿ ಉಂಟೇ? ಗಿಟಾರಿಗೂ ಒಂದೈವತ್ತು ವರ್ಷ ಕೊಡಿ, ಅದನ್ನೂ ನಮ್ಮ ಪರಂಪರೆ ಅನ್ನುತ್ತೀರಿ.

ಇನ್ನು ಶರೀಫಜ್ಜ ಸ್ವತಃ ಈ ವಿಷಯದಲ್ಲಿ ಏನು ಹೇಳಿದ್ದಾನೆ? ಅವನ ತಂಬೂರಿಯ ಹಾಡು ಎಲ್ಲರಿಗೂ ಗೊತ್ತು. ಅದರಲ್ಲಿ ತಂಬೂರಿ ಒಳ್ಳೆಯದು, ಮತ್ತೊಂದು ವಾದ್ಯ ಕೆಟ್ಟದ್ದು ಅಂತ ಎಲ್ಲಾದರೂ ಇದೆಯೇ? ಸ್ವರ ತಿಳಿಯದೆ ಬಾರಿಸುವವನನ್ನು ತಂಬೂರಿ ಕೆಳಗಿಡಪ್ಪ ಅಂತ ಗದರಿಸುತ್ತಾನೆ. ಅಂದರೆ ಪ್ರಶ್ನೆ ವಾದ್ಯದ್ದಲ್ಲ, ಹಿಡಿದವನ ಯೋಗ್ಯತೆಯದು. ಆ ಹಾಡಿನಲ್ಲಿ ತಂಬೂರಿ ಎಂದರೆ ನಮ್ಮ ದೇಹವೇ ಅಂತಲೂ ಬಲ್ಲವರು ಅರ್ಥ ಹೇಳುತ್ತಾರೆ. ಅಲ್ಲಿಗೆ ಏಕತಾರಿ-ಗಿಟಾರ್ ಎಂಬ ವಾದವೇ ಬಿದ್ದುಹೋಯಿತು.

ಹಿರಿಯರಿಗೆ ಸಿ. ಅಶ್ವತ್ಥ್ ಅಂದರೆ ಪ್ರಾಣ. ನನಗೂ ಹೌದು. ಟಿ.ಎಸ್. ನಾಗಾಭರಣರ ‘ಸಂತ ಶಿಶುನಾಳ ಶರೀಫ’ ಚಿತ್ರ 1990ರಲ್ಲಿ ಬಂತು. ಶ್ರೀಧರ್ ಶರೀಫ, ಗಿರೀಶ್ ಕಾರ್ನಾಡ್ ಗುರು ಗೋವಿಂದಭಟ್ಟ, ಸಂಗೀತ ಅಶ್ವತ್ಥ್. ಹಾವೇರಿ-ಧಾರವಾಡ ಕಡೆಯ ಭಜನೆಮನೆಗಳಲ್ಲಿದ್ದ ಹಾಡನ್ನು ಬೆಂಗಳೂರು-ಮೈಸೂರಿನ ಮನೆಮನೆಗೆ ಮುಟ್ಟಿಸಿದವರು ಅವರು. ಆದರೆ ಅಶ್ವತ್ಥ್ ಹಾಡಿದ್ದೇನು ಬರೀ ಏಕತಾರಿ ಹಿಡಿದೇ? ಪೂರಾ ವಾದ್ಯವೃಂದ ಇತ್ತಲ್ಲ! ನಮ್ಮೂರ ಭಜನೆಯ ಮುದುಕರು ಅವರ ಕ್ಯಾಸೆಟ್ ಕೇಳಿ, "ಛಲೋ ಹಾಡ್ಯಾನ, ಆದ್ರ ನಮ್ಮ ಧಾಟಿ ಅಲ್ಲ ಬಿಡು" ಅಂದದ್ದು ನನಗಿನ್ನೂ ನೆನಪಿದೆ. ಆಗ ಕೆಡದ ಶರೀಫಜ್ಜ ಈಗ ಕೆಟ್ಟನೇ?

ರಘು ದೀಕ್ಷಿತ್ 2008ರ ಮೊದಲ ಆಲ್ಬಮ್ಮಿನಲ್ಲಿ ಶರೀಫರ ಎರಡು ಹಾಡು ಹಾಡಿದರು, ಗುಡುಗುಡಿಯದು ಮತ್ತು ಸೋರುವ ಮಾಳಿಗೆಯದು. 2013ರ ‘ಜಗ್ ಚಂಗಾ’ದಲ್ಲಿ ಕೋಡಗನ ಕೋಳಿಯ ಹಾಡು, ‘ಲೋಕದ ಕಾಳಜಿ’ ಬಂದವು. ನಡುವೆ 2011ರಲ್ಲಿ ಇಂಗ್ಲೆಂಡಿನ ಗ್ಲಾಸ್ಟನ್‌ಬರಿ ಉತ್ಸವದಲ್ಲೂ ಹಾಡಿ ಬಂದರು. ಗುಡುಗುಡಿ ಹಾಡಿನ ಕುಣಿತ ನನಗೂ ಸ್ವಲ್ಪ ಹೆಚ್ಚೇ ಅನಿಸಿದೆ. ಆ ಹಾಡಿಗೆ ಒಂದು ತೂಕ ಇದೆ, ಕೇಳುವವನ ಕಾಲು ಕುಣಿಯುವ ಹೊತ್ತಿಗೆ ತಲೆ ಖಾಲಿಯಾಗುವ ಅಪಾಯ ಇದೆ. ಆದರೆ ಮಾಳಿಗೆಯ ಹಾಡನ್ನು ಅವರು ಹಾಡಿದ ರೀತಿ ಇದೆಯಲ್ಲ, ಅದನ್ನು ಕೇಳಿ ನನ್ನ ಮಗಳು, ದೆಹಲಿಯಲ್ಲೇ ಹುಟ್ಟಿ ಬೆಳೆದವಳು, "ಅಪ್ಪಾ, ಮಾಳಿಗಿ ಅಂದ್ರೇನು? ಸೋರೋದು ಯಾಕೆ?" ಅಂತ ಕೇಳಿದಳು. ನನ್ನ ಕ್ಯಾಸೆಟ್ಟುಗಳನ್ನು ಇಪ್ಪತ್ತು ವರ್ಷ ಕೇಳಿದರೂ ಅವಳಿಂದ ಬರದ ಪ್ರಶ್ನೆ ಅದು.

ಇದೇ ಮಗಳು 2020ರ ಲಾಕ್‌ಡೌನಿನಲ್ಲಿ ನನ್ನನ್ನು ಕೂರಿಸಿ ‘ಲೆತೊ’ ಅಂತ ಒಂದು ರಷ್ಯನ್ ಚಿತ್ರ ತೋರಿಸಿದಳು. 2018ರದ್ದು. ಎಂಬತ್ತರ ದಶಕದ ಲೆನಿನ್‌ಗ್ರಾಡಿನ ರಾಕ್ ಹಾಡುಗಾರರ ಕತೆ. ನಮ್ಮ ಪೀಳಿಗೆಗೆ ರಷ್ಯಾ ಅಂದರೆ ನವಕರ್ನಾಟಕದ ಅಂಗಡಿಯಲ್ಲಿ ಅಗ್ಗಕ್ಕೆ ಸಿಗುತ್ತಿದ್ದ ದಪ್ಪ ಪುಸ್ತಕ, ಗಾರ್ಕಿಯ ‘ತಾಯಿ’, ಹೆಚ್ಚೆಂದರೆ ಅಲ್ಲಿಯವರಿಗೆ ನಮ್ಮ ರಾಜ್ ಕಪೂರ್ ಮೇಲಿದ್ದ ಪ್ರೀತಿ. ಅಲ್ಲೂ ರಾಕ್ ಇತ್ತು, ಅದೂ ದೇವರು, ಪಾಪ, ಸಾವು, ಆತ್ಮಸಾಕ್ಷಿಯ ಬಗ್ಗೆ ಹಾಡುತ್ತಿದ್ದ ರಾಕ್ ಅನ್ನುವುದು ನನಗೆ ಹೊಸದು. ಆಮೇಲೆ ಕುತೂಹಲಕ್ಕೆ ಇಂಗ್ಲಿಷ್ ಅನುವಾದಗಳನ್ನು ಹುಡುಕಿ ಓದಿದೆ. ರಾಕ್‌ಗೂ ಅಧ್ಯಾತ್ಮಕ್ಕೂ ಏನು ಸಂಬಂಧ ಎನ್ನುವವರು ಇದನ್ನು ಸ್ವಲ್ಪ ಕೇಳಬೇಕು.

1981ರಲ್ಲಿ ಲೆನಿನ್‌ಗ್ರಾಡಿನಲ್ಲಿ ಸರ್ಕಾರವೇ ಒಂದು ರಾಕ್ ಕ್ಲಬ್ಬಿಗೆ ಒಪ್ಪಿಗೆ ಕೊಟ್ಟಿತು. ಹೊರಗೆ ಎಲ್ಲೆಲ್ಲೋ ಹಾಡುವ ಬದಲು ಕಣ್ಣೆದುರೇ ಇರಲಿ ಅಂತ. ಜನ ಕುರ್ಚಿ ಬಿಟ್ಟು ಏಳುವ ಹಾಗಿಲ್ಲ. ಹಾಡುವ ಮೊದಲು ಸಾಹಿತ್ಯವನ್ನು ಬರೆದು ಸಲ್ಲಿಸಬೇಕು, ಪರಿಶೀಲಿಸಿ ಮುದ್ರೆ ಒತ್ತಿದ ಮೇಲೆಯೇ ವೇದಿಕೆ. ಬ್ಯಾಂಕಿನವನಾದ ನನಗೆ ಇದು ಚೆನ್ನಾಗಿ ಅರ್ಥವಾಗುತ್ತದೆ, ವೋಚರ್ ಪಾಸ್ ಆಗದೆ ಕ್ಯಾಷ್ ಇಲ್ಲ! ಆದರೆ ಇದರಿಂದ ಒಂದು ವಿಚಿತ್ರ ಲಾಭವೂ ಆಯಿತು ಅಂತ ನನ್ನ ಲೆಕ್ಕ. ಪ್ರತಿ ಶಬ್ದವನ್ನೂ ಒಬ್ಬ ಅಧಿಕಾರಿ ತೂಗಿ ನೋಡುತ್ತಾನೆ ಎಂದಾಗ, ಕೇಳುವವನೂ ಪ್ರತಿ ಶಬ್ದವನ್ನು ತೂಗಿ ಕೇಳುತ್ತಾನೆ. ಮುದ್ರೆ ಸಿಗದ ಹಾಡುಗಳು ಟೇಪಿನಿಂದ ಟೇಪಿಗೆ ನಕಲಾಗಿ ಊರೂರು ಸುತ್ತಿದವು.

ಹಾಡಿದವರಾದರೂ ಎಂಥವರು? ‘ಅಕ್ವೇರಿಯಂ’ ತಂಡದ ಬೋರಿಸ್ ಗ್ರೆಬೆನ್ಶಿಕೋವ್ ಗಣಿತ ಓದಿದವನು. 1980ರಲ್ಲಿ ತಿಬಿಲಿಸಿಯ ಸಂಗೀತೋತ್ಸವದಲ್ಲಿ ತಂಡದ ವೇದಿಕೆಯ ಮೇಲಿನ ವರ್ತನೆ ಸರಿಯಿಲ್ಲ ಅಂತ ನೌಕರಿ ಹೋಯಿತು, ಯುವ ಸಂಘಟನೆಯಿಂದಲೂ ಹೊರಗೆ ಹಾಕಿದರು. ಬೈಬಲ್ಲು, ಬುದ್ಧ, ನಮ್ಮ ವೇದಾಂತ ಎಲ್ಲವೂ ಅವನ ಹಾಡುಗಳಲ್ಲಿ ಕಲಸಿ ಬರುತ್ತವೆ. 1987ರ ‘ಅಸ್ಸಾ’ ಚಿತ್ರದಲ್ಲಿ ಅವನು ಹಾಡಿದ ನಗರದ ಹಾಡು ಬಹಳ ಪ್ರಸಿದ್ಧ. ಅದನ್ನು ಬರೆದವನು ಅನ್ರಿ ವೊಲೊಖೋನ್ಸ್ಕಿ ಎಂಬ ಕವಿ. ಬೈಬಲ್ಲಿನ ಪ್ರವಾದಿ ಯೆಹೆಜ್ಕೇಲನ ದರ್ಶನದ ಸಿಂಹ, ಎತ್ತು, ಹದ್ದು ಅದರಲ್ಲಿವೆ. ನಾಸ್ತಿಕ ಸರ್ಕಾರದ ಥಿಯೇಟರಿನಲ್ಲಿ ಜನ ಕುಳಿತು ಸ್ವರ್ಗದ ಊರಿನ ಹಾಡು ಕೇಳಿದರು!

ವಿಕ್ಟರ್ ತ್ಸೋಯ್ ಬಾಯ್ಲರ್ ಮನೆಯಲ್ಲಿ ಕಲ್ಲಿದ್ದಲು ಎತ್ತಿ ಹಾಕುವ ಕೆಲಸ ಮಾಡುತ್ತ ಹಾಡಿದವನು. 1990ರ ಆಗಸ್ಟ್‌ನಲ್ಲಿ ಕಾರ್ ಅಪಘಾತದಲ್ಲಿ ಸತ್ತಾಗ ಬರೀ 28 ವರ್ಷ. ಮಾಸ್ಕೋದ ಅರ್ಬಾತ್ ಬೀದಿಯಲ್ಲಿ ಅವನ ಹೆಸರಿನ ಗೋಡೆಯೇ ಇದೆ. ‘ಅಸ್ಸಾ’ದ ಕೊನೆಗೆ ಅವನು ಹಾಡುವ ಬದಲಾವಣೆಯ ಹಾಡನ್ನು ಎಲ್ಲರೂ ರಾಜಕೀಯದ ಘೋಷಣೆ ಮಾಡಿಕೊಂಡರು. ಅವನು ಮಾತ್ರ ಅದು ಒಳಗಿನ ಬದಲಾವಣೆಯ ಹಾಡು ಅನ್ನುತ್ತಿದ್ದ. ಒಳಗಿನದೋ ಹೊರಗಿನದೋ, 2020ರ ಆಗಸ್ಟ್‌ನಲ್ಲಿ ಬೆಲಾರೂಸಿನ ಮಿನ್ಸ್ಕ್‌ನಲ್ಲಿ ಒಂದು ಸರ್ಕಾರಿ ಕಾರ್ಯಕ್ರಮದ ನಡುವೆ ಇಬ್ಬರು ಸೌಂಡ್ ಸಿಸ್ಟಮ್ ಹುಡುಗರು ಇದೇ ಹಾಡನ್ನು ಜೋರಾಗಿ ಹಾಕಿಬಿಟ್ಟರು. ಹತ್ತು ಹತ್ತು ದಿನ ಜೈಲಾಯಿತು. ಅವರೇನು ಕವಿಗಳಲ್ಲ, ನಮ್ಮ ಶಾಮಿಯಾನದ ಜೊತೆ ಸ್ಪೀಕರ್ ತರುವ ಹುಡುಗರಂಥವರು. ಒಂದು ಹಳೆಯ ಹಾಡಿನ ಅರ್ಥ ಅವರಿಗೆ ಗೊತ್ತಿತ್ತು, ಅಷ್ಟೇ.

ಅಲೆಕ್ಸಾಂದರ್ ಬಶ್ಲಾಚೋವ್ ಅಂತ ಇನ್ನೊಬ್ಬ. 1988ರಲ್ಲಿ 27ನೇ ವಯಸ್ಸಿಗೆ ಕಿಟಕಿಯಿಂದ ಬಿದ್ದು ತೀರಿಕೊಂಡ. ಮೈಮೇಲೆ ಸಣ್ಣ ಸಣ್ಣ ಗಂಟೆ ಕಟ್ಟಿಕೊಂಡು ಹಾಡುತ್ತಿದ್ದನಂತೆ, ನಮ್ಮ ಕಡೆಯ ಗೆಜ್ಜೆ ಕಟ್ಟಿದ ದಾಸರ ಹಾಗೆ. ಅವನ ಹೆಸರಾದ ಹಾಡೊಂದರ ತಿರುಳು ಹೀಗೆ: ಊರಿನ ದೊಡ್ಡ ಗಂಟೆಗಳು ಒಡೆದುಹೋದವು, ಈಗ ಉಳಿದಿರುವುದು ಕೊರಳಿಗೆ ಕಟ್ಟಿದ ಕಿರುಗಂಟೆಗಳು ಮಾತ್ರ. ಇದು ಬರೀ ಉಪಮೆಯೂ ಅಲ್ಲ. ಸ್ಟಾಲಿನ್ ಕಾಲದಲ್ಲಿ ಇಗರ್ಜಿಗಳ ಗಂಟೆಗಳನ್ನು ನಿಜವಾಗಿಯೂ ಇಳಿಸಿ ಕರಗಿಸಿದ್ದರು. ಪ್ಯೋತ್ರ್ ಮಾಮೊನೊವ್ ಎಂಬವನು ವೇದಿಕೆಯ ಮೇಲೆ ಹುಚ್ಚನಂತೆ ಮೈ ತಿರುಚಿ ಹಾಡುತ್ತಿದ್ದವನು, ತೊಂಬತ್ತರ ದಶಕದಲ್ಲಿ ಹಳ್ಳಿ ಸೇರಿ ದೇವರ ಕಡೆ ಹೊರಳಿದ. 2006ರ ‘ಒಸ್ತ್ರೋವ್’ ಚಿತ್ರದಲ್ಲಿ ಪಾಪದ ಭಾರ ಹೊತ್ತ ಸನ್ಯಾಸಿಯ ಪಾತ್ರ ಮಾಡಿದ. ಆ ಸನ್ಯಾಸಿಯ ಹುಚ್ಚಾಟ ನೋಡಿ ನನಗೆ ನಮ್ಮ ಅವಧೂತರು ನೆನಪಾದರು. ರಷ್ಯಾದಲ್ಲೂ ದೇವರ ಹುಚ್ಚರೆಂಬ ಒಂದು ಪರಂಪರೆ ಇದೆ. ಹುಚ್ಚನ ವೇಷದಲ್ಲಿ ಆಳುವವನಿಗೂ ನಿಜ ಹೇಳುವವರು. ಶರೀಫಜ್ಜನನ್ನು ಅವರ ನಡುವೆ ಕೂರಿಸಿದರೆ ಭಾಷೆ ಬಿಟ್ಟರೆ ಬೇರೇನೂ ತೊಂದರೆ ಆಗಲಿಕ್ಕಿಲ್ಲ.

ಹಾಗಂತ ಅಲ್ಲಿ ಎಲ್ಲವೂ ಚಿನ್ನ ಅಂತ ನಾನು ಹೇಳುತ್ತಿಲ್ಲ. ‘ಅಲಿಸಾ’ ತಂಡದ ಕಿನ್ಚೆವ್ 1992ರಲ್ಲಿ ಜೆರುಸಲೇಮಿಗೆ ಹೋಗಿ ಬಂದು ದೀಕ್ಷೆ ಪಡೆದ. ಆಮೇಲಿನ ಅವನ ಹಾಡುಗಳಲ್ಲಿ ಭಕ್ತಿ ಮತ್ತು ಬಾವುಟ ಒಂದರೊಳಗೊಂದು ಸೇರಿಕೊಂಡವು. ನಾವು ಇಂಥ ಧರ್ಮದವರು, ಇಂಥ ಕುಲದವರು ಎಂಬ ಹೆಮ್ಮೆ. ಗಿಟಾರ್ ಅದೇ, ಕಂಠ ಅದೇ, ದೇವರ ಹೆಸರೂ ಇದೆ. ಆದರೆ ತನ್ನನ್ನು ತಾನು ಕೇಳಿಕೊಳ್ಳುವ ಹಾಡು ಬೇರೆ, ತನ್ನವರ ಬೆನ್ನು ತಟ್ಟುವ ಹಾಡು ಬೇರೆ. ಇನ್ನೊಂದು ಕಡೆ ‘ಡಿಡಿಟಿ’ ತಂಡದ ಯೂರಿ ಶೆವ್ಚುಕ್ ಇದ್ದಾನೆ. ಅವನೂ ಶ್ರದ್ಧಾವಂತನೇ. 1995ರಲ್ಲಿ ಚೆಚನ್ಯಾ ಯುದ್ಧದ ನಡುವೆ ಹೋಗಿ ರಷ್ಯನ್ ಸೈನಿಕರಿಗೂ ಹಾಡಿದ, ಚೆಚೆನ್ ಜನರಿಗೂ ಹಾಡಿದ. 2010ರಲ್ಲಿ ಪುತಿನ್ ಎದುರಿಗೇ ಕುಳಿತು ಪತ್ರಿಕಾ ಸ್ವಾತಂತ್ರ್ಯದ ಬಗ್ಗೆ ಪ್ರಶ್ನೆ ಕೇಳಿದ. 2022ರ ಮೇ ತಿಂಗಳಲ್ಲಿ, ಉಕ್ರೇನ್ ಯುದ್ಧ ಶುರುವಾದ ಮೇಲೆ, ತಾನು ಬೆಳೆದ ಊಫಾ ನಗರದ ವೇದಿಕೆಯಲ್ಲೇ ನಿಂತು ಆಳುವವನ ಓಲೈಕೆಯೇ ದೇಶಪ್ರೇಮವಲ್ಲ ಎಂಬರ್ಥದ ಮಾತಾಡಿದ. 50,000 ರೂಬಲ್ ದಂಡ ಹಾಕಿದರು. ಗ್ರೆಬೆನ್ಶಿಕೋವ್‌ನನ್ನು 2023ರಲ್ಲಿ ‘ವಿದೇಶಿ ಏಜೆಂಟ್’ ಪಟ್ಟಿಗೆ ಸೇರಿಸಿದರು. ನಲವತ್ತು ವರ್ಷದ ಹಿಂದೆ ಹಾಡಿದ ಮಾತಿಗೆ ಅವರು ಇವತ್ತಿಗೂ ಬೆಲೆ ತೆರುತ್ತಿದ್ದಾರೆ.

ಈಗ ದ್ವಾರಕಾಕ್ಕೆ ವಾಪಸು ಬನ್ನಿ. ನಮ್ಮ ಶರೀಫರ ಹಾಡಿಗೆ ಯಾವ ಮುದ್ರೆಯೂ ಬೇಕಿಲ್ಲ, ಯಾರೂ ತಡೆಯುವುದಿಲ್ಲ. ಆದರೆ ಯಾರಾದರೂ ಕೇಳುತ್ತಿದ್ದೇವೆಯೇ?

ಗುಡುಗುಡಿಯ ಹಾಡನ್ನೇ ತೆಗೆದುಕೊಳ್ಳಿ. ನಮ್ಮ ವೇದಿಕೆಯ ಮೇಲೆ ಅದಕ್ಕೆ ಎಂಟು ಹುಡುಗಿಯರು ಇಳಕಲ್ ಸೀರೆ ಉಟ್ಟು, ರಟ್ಟಿನಲ್ಲಿ ಮಾಡಿದ ಹುಕ್ಕಾ ಹಿಡಿದು ಕುಣಿಯುತ್ತಾರೆ. ಚೆಂದವೇ. ಆದರೆ ಆ ಹಾಡಿನಲ್ಲಿ ಮನಸ್ಸು ಒಂದು ಸಂಚಿ, ಅದನ್ನು ಬಿಚ್ಚಬೇಕು. ಮೋಹ ಎನ್ನುವ ಸೊಪ್ಪನ್ನು ದಿನಾ ಕೊಚ್ಚಬೇಕು, ಬುದ್ಧಿಯ ಬೆಂಕಿ ಇಟ್ಟು ಸುಡಬೇಕು, ಒಡಲೊಳಗಿನ ರೋಗವನ್ನು ಹೊರಗೆಸೆಯಬೇಕು. ಇದು ವೈದ್ಯ ಬರೆದುಕೊಟ್ಟ ಚೀಟಿ. ನಾವು ಚೀಟಿಯನ್ನು ಫ್ರೇಮ್ ಹಾಕಿಸಿ ಗೋಡೆಗೆ ತೂಗುಹಾಕಿದ್ದೇವೆ, ಔಷಧಿ ಮಾತ್ರ ತಂದಿಲ್ಲ.

‘ಲೋಕದ ಕಾಳಜಿ’ ಇನ್ನೂ ಹತ್ತಿರದ್ದು. ಮೇಲೆ ಮೇಲೆ ಮಾಳಿಗೆ ಕಟ್ಟಬೇಕು, ಅಂಬಾರಿ ಏರಬೇಕು ಅನ್ನುವವನಿಗೆ ಅಜ್ಜ, ಆಯಿತಪ್ಪ ಮಾಡು, ಬೇಡ ಅಂದವರ್ಯಾರು, ಕೊನೆಗೆ ಮಣ್ಣಿಗೆ ಇಳಿಯುವುದನ್ನು ಮಾತ್ರ ಮರೆತಿದ್ದೀ ಅಂತ ತಣ್ಣಗೆ ಹೇಳುತ್ತಾನೆ. ಈ ಹಾಡನ್ನು ಬರೆದದ್ದು ದ್ವಾರಕಾದ ಸೊಸೈಟಿಗಳನ್ನು ನೋಡಿಯೇ ಇರಬೇಕು! ಮೂವತ್ತು ವರ್ಷ ಸಾಲದ ಅರ್ಜಿ ನೋಡಿದವನು ನಾನು. ಒಂದು ಫ್ಲಾಟಿನವನಿಗೆ ಎರಡನೆಯದು, ಎರಡನೆಯದು ಬಂದವನಿಗೆ ಗುರುಗ್ರಾಮದಲ್ಲಿ ಮೂರನೆಯದು. ಸಾಲ ತೀರಿಸುವ ಅವಧಿ ಅರ್ಜಿದಾರನ ಆಯುಸ್ಸಿಗಿಂತ ಉದ್ದ ಇರುತ್ತದೆ. ಕಳೆದ ವರ್ಷ ಈ ಹಾಡು ಮುಗಿದ ಮೇಲೆ ಎಲ್ಲರೂ ಎದ್ದು ಚಪ್ಪಾಳೆ ಹೊಡೆದರು. ನಂತರ ಬಿಸಿಬೇಳೆಬಾತಿನ ಸಾಲಿನಲ್ಲಿ ನನ್ನ ಹಿಂದೆ ನಿಂತವರ ಮಾತು ಏನಿತ್ತು ಗೊತ್ತೇ? ಜೇವರ್ ಏರ್‌ಪೋರ್ಟ್ ಹತ್ತಿರ ಸೈಟಿನ ರೇಟು.

ಇದಾದರೂ ಇರಲಿ ಬಿಡಿ, ಆಸೆ ಎಲ್ಲರಿಗೂ ಇದ್ದದ್ದೇ. ನನ್ನ ಸಿಟ್ಟು ಬೇರೆ ಕಡೆಯದು.

ಶರೀಫಜ್ಜ ಯಾರು? 1819ರಲ್ಲಿ ಹುಟ್ಟಿ 1889ರಲ್ಲಿ ತೀರಿಕೊಂಡ ಮುಸ್ಲಿಮ್. ಗುರು ಕಳಸದ ಗೋವಿಂದಭಟ್ಟರು, ಬ್ರಾಹ್ಮಣರು. ಗುರು ತನ್ನ ಜನಿವಾರವನ್ನೇ ಶಿಷ್ಯನಿಗೆ ಹಾಕಿದ ಅಂತ ನಮ್ಮ ಕಡೆ ಹೇಳುತ್ತಾರೆ. ಎರಡೂ ಕಡೆಯವರು ಅವರಿಬ್ಬರನ್ನೂ ಬೈದರು. ಮೊಹರಮ್ಮಿಗೆ ರಿವಾಯತ್ ಪದ ಕಟ್ಟಿದ ಬಾಯಿಯೇ ಯಲ್ಲಮ್ಮನ ಮೇಲೂ ಹಾಡಿತು. ಶಿಶುನಾಳದ ಗದ್ದುಗೆಗೆ ಇವತ್ತಿಗೂ ಎರಡೂ ಕಡೆಯವರು ನಡೆದುಕೊಳ್ಳುತ್ತಾರೆ. ನಮ್ಮ ಕಾರ್ಯಕ್ರಮದ ನಿರೂಪಕಿ ಇದನ್ನೆಲ್ಲ ಒಂದೇ ಮಾತಿನಲ್ಲಿ, "ಭಾವೈಕ್ಯದ ಹರಿಕಾರ, ಕನ್ನಡದ ಕಬೀರ" ಅಂತ ಹೇಳಿ ಮುಗಿಸುತ್ತಾಳೆ. ಆ ಶಬ್ದಕ್ಕೆ ಎಷ್ಟು ಬೆಲೆ ತೆತ್ತರು ಅನ್ನುವುದು ಅದರಲ್ಲಿ ಕಾಣುವುದೇ ಇಲ್ಲ. ಸವೆದ ನಾಣ್ಯ. ಮುಖವೂ ಇಲ್ಲ, ಇಸವಿಯೂ ಇಲ್ಲ.

ಆ ಕಾರ್ಯಕ್ರಮ ಮುಗಿದ ರಾತ್ರಿ ನಮ್ಮ ವಾಟ್ಸಾಪ್ ಗುಂಪಿಗೆ ಮೊದಲು ಗುಡುಗುಡಿ ನೃತ್ಯದ ವಿಡಿಯೋ ಬಂತು. ನಲವತ್ತು ಕೈಮುಗಿತ, ಅರವತ್ತು ಚಪ್ಪಾಳೆ. ಅದರ ಬೆನ್ನಿಗೇ ಅದೇ ನೃತ್ಯವನ್ನು ಹೊಗಳಿದ್ದ ಒಬ್ಬ ಸಭ್ಯರು ಒಂದು ಫಾರ್ವರ್ಡ್ ಹಾಕಿದರು. ಇಂಥವರ ಅಂಗಡಿಯಲ್ಲಿ ತರಕಾರಿ ಕೊಳ್ಳಬೇಡಿ, ಇಂಥವರಿಗೆ ಮನೆ ಬಾಡಿಗೆ ಕೊಡಬೇಡಿ ಅಂತ. ಅದಕ್ಕೂ ಒಂದಿಷ್ಟು ಹೆಬ್ಬೆರಳು ಎದ್ದವು. ನಾನು ಅಲ್ಲೇ ಬರೆದೆ: "ಈಗಷ್ಟೇ ಯಾರ ಹಾಡಿಗೆ ಕುಣಿದಿರಿ ಸ್ವಾಮಿ, ಆ ಅಜ್ಜ ಇವತ್ತು ದ್ವಾರಕಾದಲ್ಲಿ ಬಾಡಿಗೆ ಮನೆ ಕೇಳಿಕೊಂಡು ಬಂದರೆ ಕೊಡುತ್ತೀರೋ ಇಲ್ಲವೋ?" ಐದು ನಿಮಿಷದಲ್ಲಿ ಉತ್ತರ ಬಂತು: "ಸಾರ್, ದಯವಿಟ್ಟು ರಾಜಕೀಯ ಬೇಡ. ಇದು ಸಾಂಸ್ಕೃತಿಕ ಗುಂಪು." ಫಾರ್ವರ್ಡ್ ಹಾಕಿದವರಿಗೆ ಯಾರೂ ಇದನ್ನು ಹೇಳಲಿಲ್ಲ. ಅದು ಸಂಸ್ಕೃತಿ, ನಾನು ಬರೆದದ್ದು ರಾಜಕೀಯ!

ಆ ಗುಂಪಿನಲ್ಲಿ ಧಾರವಾಡ ಕಡೆಯ ಒಬ್ಬರಿದ್ದರು. ಸರ್ಕಾರಿ ನೌಕರಿ, ಮುಸ್ಲಿಮ್ ಮನೆತನ. ನಮ್ಮೆಲ್ಲರಲ್ಲಿ ಶರೀಫರ ಪದವನ್ನು ಹಳೆಯ ಧಾಟಿಯಲ್ಲಿ, ನಮ್ಮ ಹಿರಿಯರು ಬೇಕು ಬೇಕು ಅನ್ನುವ ಅಪ್ಪಟ ಧಾಟಿಯಲ್ಲಿ ಹಾಡಬಲ್ಲವರು ಅವರೊಬ್ಬರೇ. ಅವರ ಅಜ್ಜ ಮೊಹರಮ್ ಪದದ ಹಾಡುಗಾರರಂತೆ. ಆ ರಾತ್ರಿ ಹನ್ನೊಂದಕ್ಕೆ ಅವರು ಗುಂಪಿನಿಂದ ಹೊರಟುಹೋದರು. ಮರುದಿನ ಫೋನ್ ಮಾಡಿದೆ. "ಏನಿಲ್ಲರೀ ಸರ, ಮಗನ ಬೋರ್ಡ್ ಪರೀಕ್ಷಾ ಐತಿ, ಫೋನ್ ಕಡಿಮಿ ಮಾಡೂಣು ಅಂತ" ಅಂದರು. ಮಗ ಆಗ ಏಳನೇ ಕ್ಲಾಸು. ನಾನು ಮುಂದೆ ಕೇಳಲಿಲ್ಲ, ಅವರೂ ಹೇಳಲಿಲ್ಲ. ಊರ ಮಳೆ-ಬೆಳೆ ಮಾತಾಡಿ ಫೋನಿಟ್ಟೆವು.

ಈಗ ಹೇಳಿ, ಶರೀಫರ ಹಾಡನ್ನು ಕೆಡಿಸಿದವರು ಯಾರು? ಗಿಟಾರ್ ಹಿಡಿದ ಹುಡುಗರೇ? ಅಪ್ಪಟ ಧಾಟಿಗಾಗಿ ಹೋರಾಡುವ ಹಿರಿಯರಲ್ಲಿ ಒಬ್ಬರಾದರೂ ಆ ಧಾಟಿ ಗೊತ್ತಿದ್ದ ಮನುಷ್ಯ ಯಾಕೆ ಎದ್ದುಹೋದ ಅಂತ ವಿಚಾರಿಸಿದರೇ? ಗಿಟಾರಿನ ಮೇಲಿನ ಸಿಟ್ಟು ಬಹಳ ಅಗ್ಗದ ಸಿಟ್ಟು. ಅದಕ್ಕೆ ಗಂಟಿನಿಂದ ಒಂದು ಪೈಸೆ ಖರ್ಚಿಲ್ಲ, ಪಕ್ಕದ ಕುರ್ಚಿಯವನ ಮುಖ ಕೆಡುವುದಿಲ್ಲ, ಮೇಲಾಗಿ ಸಂಸ್ಕೃತಿ ಕಾಪಾಡಿದೆವು ಎಂಬ ತೃಪ್ತಿ ಬೇರೆ. ಒಂದು ಕೆಟ್ಟ ಫಾರ್ವರ್ಡ್ ಬಂದಾಗ ಇದು ಬೇಡ ಅಂತ ಬರೆಯುವುದಕ್ಕೆ ಮಾತ್ರ ಖರ್ಚಿದೆ. ಮಿನ್ಸ್ಕ್‌ನ ಹುಡುಗರು ಜೈಲಿಗೆ ಹೋದರು. ನಮಗೆ ಜೈಲಿಲ್ಲ, ದಂಡವಿಲ್ಲ, ಹೆಚ್ಚೆಂದರೆ ಮುಂದಿನ ಪಿಕ್ನಿಕ್ಕಿಗೆ ಕರೆ ಬರಲಿಕ್ಕಿಲ್ಲ. ಅಷ್ಟಕ್ಕೂ ಹೆದರುವವರು ಅವಧೂತರ ಹಾಡನ್ನು ಯಾಕೆ ಆರಿಸಿಕೊಳ್ಳುತ್ತೀರಿ? ಹಾಡಲಿಕ್ಕೆ ಮಳೆ, ಮಲ್ಲಿಗೆ, ತವರುಮನೆ ಬೇಕಾದಷ್ಟಿವೆಯಲ್ಲ.

"ನೀವು ಹಾಡಿನಲ್ಲಿ ಜಾಸ್ತಿ ಹುಡುಕುತ್ತೀರಿ, ಜನ ವಾರಕ್ಕೊಮ್ಮೆ ಸಂತೋಷ ಪಡಲಿ ಬಿಡಿ" ಅಂತ ಒಬ್ಬ ಗೆಳೆಯರು ಹೇಳಿದರು. ಸಂತೋಷ ಬೇಡ ಅಂತ ನಾನೆಲ್ಲಿ ಹೇಳಿದೆ? ನಮ್ಮೂರ ಭಜನೆಯಲ್ಲಿ ಬೇಕಾದಷ್ಟು ನಗು ಇರುತ್ತಿತ್ತು. ಎಲೆಅಡಿಕೆ, ಚಹಾ, ಚೇಷ್ಟೆ ಎಲ್ಲ. ಆದರೆ ಪದ ಮುಗಿದ ಕೂಡಲೇ ಹಿರಿಯನೊಬ್ಬ ತಾಳ ಕೆಳಗಿಟ್ಟು, "ಹಂಗಾರ ಈ ಮಾಳಿಗಿ ಯಾವುದೋ? ಸೋರಾಕತ್ತಿದ್ದು ಎಲ್ಲಿ?" ಅಂತ ಕೇಳುತ್ತಿದ್ದ. ಒಬ್ಬ ಒಂದು ಹೇಳುವನು, ಇನ್ನೊಬ್ಬ ಅದಕ್ಕೆ ಅಡ್ಡ ಹೇಳುವನು. ರಾತ್ರಿ ಎರಡಾಗುತ್ತಿತ್ತು. ಅಕ್ಷರ ಬಾರದವರು ಮಾಡುತ್ತಿದ್ದ ಕೆಲಸವನ್ನು ಡಿಗ್ರಿ ಮೇಲೆ ಡಿಗ್ರಿ ಇರುವ ನಾವು ಐದು ನಿಮಿಷ ಮಾಡಲಾರೆವೇ?

ಕೋಡಗನ ಕೋಳಿಯ ಹಾಡಿಗೆ ನಮ್ಮಲ್ಲಿ ಆಗುವ ಗತಿಯನ್ನೇ ನೋಡಿ. ಮಕ್ಕಳ ತಮಾಷೆಯ ಪದ್ಯ ಅಂತ ಅದನ್ನು ಎಲ್‌ಕೆಜಿ ಮಕ್ಕಳಿಗೆ ಕೊಟ್ಟಿದ್ದೇವೆ. ಅಲ್ಲಮನ ಬೆಡಗಿನ ವಚನಗಳ ಸಾಲಿನದು ಅದು. ಸಣ್ಣದು ದೊಡ್ಡದನ್ನು ನುಂಗುತ್ತ ನುಂಗುತ್ತ ಹೋಗಿ, ಕೊನೆಗೆ ಗುರುವಿನ ಪಾದ ಹಾಡುವವನನ್ನೇ ನುಂಗುತ್ತದೆ. ಇಡೀ ಹಾಡು ಇರುವುದೇ ಆ ಕೊನೆಯ ನುಂಗುವಿಕೆಗಾಗಿ. ಕಳೆದ ವರ್ಷ ಸಮಯ ಸಾಲದು, ಮುಖ್ಯ ಅತಿಥಿಗಳು ಹೊರಡಬೇಕು ಅಂತ ಅದೇ ನುಡಿಯನ್ನು ಕತ್ತರಿಸಿದರು. ಮುಖ್ಯ ಅತಿಥಿಗಳ ಭಾಷಣ ಮಾತ್ರ 35 ನಿಮಿಷ ನಡೆಯಿತು, ನಾನು ಗಡಿಯಾರ ನೋಡಿದ್ದೇನೆ.

ಈ ವರ್ಷದ ಸಮಿತಿಗೆ ನಾನು ಮೂರು ವಿಷಯ ಬರೆದು ಕೊಟ್ಟಿದ್ದೇನೆ. ಗಿಟಾರ್, ಡ್ರಮ್ಸ್, ಏಕತಾರಿ ಯಾವುದಾದರೂ ಇರಲಿ, ತಕರಾರಿಲ್ಲ. ಹಾಡನ್ನು ಕೊನೆಯ ನುಡಿಯವರೆಗೆ ಹಾಡಬೇಕು. ಹಾಡುವ ಮೊದಲು ಹಾಡುವ ಹುಡುಗರಲ್ಲೇ ಒಬ್ಬರು ಅದರ ಅರ್ಥವನ್ನು ಎರಡು ನಿಮಿಷ ಆಡುಮಾತಿನಲ್ಲಿ ಹೇಳಬೇಕು. ಮೂರನೆಯದು, ಆ ಧಾರವಾಡದ ಗೆಳೆಯರ ಮನೆಗೆ ಸಮಿತಿಯವರು, ಫಾರ್ವರ್ಡ್ ಹಾಕಿದ ಸಭ್ಯರೂ ಸೇರಿ, ಖುದ್ದಾಗಿ ಹೋಗಿ ಕರೆಯಬೇಕು, ಫೋನಿನಲ್ಲಿ ಅಲ್ಲ. ಮೊದಲೆರಡಕ್ಕೆ ಸಮಿತಿ ಒಪ್ಪಿದೆ. ಮೂರನೆಯದನ್ನು ಮುಂದಿನ ಸಭೆಗೆ ಮುಂದೂಡಿದ್ದಾರೆ. ಸಭೆ ಬರುವ ಭಾನುವಾರ ಸಂಜೆ ಐದಕ್ಕೆ. ನಾನು ನಾಲ್ಕೂವರೆಗೇ ಹೋಗಿ ಮುಂದಿನ ಸಾಲಿನಲ್ಲಿ ಕೂರುವವನಿದ್ದೇನೆ.